ಚೀಟಿಯ ಮೂರನೆಯ ಸಾಲು

ಬರೋಡಾದ ನಮ್ಮ ಆಫೀಸಿನ ಡಿಸ್ಪೆನ್ಸರಿಯಲ್ಲಿ ಡಾಕ್ಟರನ್ನು ಕಾಣಬೇಕಾದರೆ ಮೊದಲು ಒಂದು ಚೀಟಿ ತುಂಬಬೇಕಾಗಿತ್ತು. ಮೊದಲ ಸಾಲಿನಲ್ಲಿ ನೌಕರನ ಹೆಸರು, ಎರಡನೆಯದರಲ್ಲಿ ರೋಗಿ ಅವನಿಗೆ ಏನಾಗಬೇಕು ಎಂಬುದು, ಮೂರನೆಯದರಲ್ಲಿ ಕಾಯಿಲೆ. ಕೆಳಗೆ ಸೆಕ್ಷನ್ನಿನ ಸಾಹೇಬರ ಸಹಿ. ಸಹಿಯಾದ ಚೀಟಿಯನ್ನು ಪ್ಯೂನ್ ಮೂರು ಕೋಣೆ ದಾಟಿಸಿ ತರುತ್ತಿದ್ದ. ಅದನ್ನು ತೆಗೆದುಕೊಂಡು ರಿಜಿಸ್ಟರಿನಲ್ಲಿ ಬರೆದುಕೊಳ್ಳುವ ಕ್ಲಾರ್ಕು ನಾನು. ಅರವತ್ತರ ದಶಕದ ಮಾತು. ಕೆಲಸ ಟೆಂಪರರಿ, ಅದೇ ಆಫೀಸಿನಲ್ಲಿದ್ದ ನನ್ನಣ್ಣ ತನ್ನ ಸೆಕ್ಷನ್ನಿನ ಸಾಹೇಬರ ಹತ್ತಿರ ಮಾತಾಡಿ ತಂಗಿಗೆ ಕೊಡಿಸಿದ್ದು.

ಬರುವ ದಾರಿಯಲ್ಲಿ ಚೀಟಿಯನ್ನು ಓದದವರೇ ಇರಲಿಲ್ಲ. ಒಮ್ಮೆ ಯಾರೋ ಹೆಂಡತಿಯ ಮುಟ್ಟಿನ ತೊಂದರೆಯನ್ನು ಇದ್ದ ಹಾಗೆ ಬರೆದುಬಿಟ್ಟರು. ಕ್ಯಾಂಟೀನಿನಲ್ಲಿ ವಾರವಿಡೀ ಚಹದ ಜೊತೆಗೆ ಅದೇ ಮಾತು. ಆಮೇಲೆ ಯಾರೂ ಆ ತಪ್ಪು ಮಾಡಲಿಲ್ಲ. ಹೆಂಗಸರ ಚೀಟಿಗಳಲ್ಲೆಲ್ಲ ಒಂದೇ ಪದ: ವೀಕ್‌ನೆಸ್. ನನ್ನ ರಿಜಿಸ್ಟರನ್ನು ನಂಬುವುದಾದರೆ ಗುಜರಾತಿ, ಮರಾಠಿ, ಕನ್ನಡ ಎಂಬ ಭೇದವಿಲ್ಲದೆ ಕ್ವಾರ್ಟರ್ಸಿನ ಹೆಂಗಸರಿಗೆಲ್ಲ ಒಂದೇ ರೋಗ. ಡಾಕ್ಟರು ಒಳ್ಳೆಯವರು. ನಾಡಿ ಹಿಡಿದು, ನಾಲಗೆ ನೋಡಿ, ಕೆಂಪು ಟಾನಿಕ್ ಬರೆದುಕೊಡುತ್ತಿದ್ದರು. ಪ್ರಶ್ನೆ ಕೇಳುವುದು ಗಂಡನಿಗೆ, ಉತ್ತರ ಕೊಡುವವನೂ ಗಂಡನೇ. ಪರರ ಮನೆಯ ಹೆಂಗಸಿನ ಮುಖ ನೋಡಿ ಮಾತಾಡದಿರುವುದು ಅವರ ಲೆಕ್ಕದಲ್ಲಿ ಮರ್ಯಾದೆ. ಆ ಮರ್ಯಾದೆ ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅಣ್ಣನ ಹೆಂಡತಿಯನ್ನು ನಾನು ನಮ್ಮ ಧಾರವಾಡದ ರೂಢಿಯಂತೆ ವೈನಿ ಎನ್ನುತ್ತಿದ್ದೆ. ಒಂದು ಭಾನುವಾರ ನನ್ನ ತಲೆಗೆ ಎಣ್ಣೆ ಹಚ್ಚುತ್ತ ಕೂತವಳು ಕೈ ನಿಲ್ಲಿಸಿದಳು.

"ಇಲ್ಲೆ ಮುಟ್ಟಿ ನೋಡು," ಎಂದು ನನ್ನ ಬೆರಳು ಹಿಡಿದು ಎಡಮೊಲೆಯ ಪಕ್ಕಕ್ಕೆ ಒತ್ತಿದಳು. ಹುಣಸೆಬೀಜದಷ್ಟು ಗಟ್ಟಿಯಾದ ಗಂಟು.

"ನೋವಾಗ್ತದೇನು?"

"ಇಲ್ಲ. ನೋವಿಲ್ಲಂತನ ಅಂಜಿಕಿ ಬರ್ತದ."

ಅಣ್ಣನಿಗೂ ಅವಳೇ ಹೇಳಿದಳು. ಮರುದಿನ ಚೀಟಿ ನನ್ನ ಮೇಜಿಗೆ ಬಂತು. ಮೂರನೆಯ ಸಾಲಿನಲ್ಲಿ ವೀಕ್‌ನೆಸ್. ಅಣ್ಣ ವೈನಿಯನ್ನು ಕರೆದುಕೊಂಡು ಬಂದಾಗ ಬಾಗಿಲಲ್ಲೇ ತಡೆದು ಕೇಳಿದೆ.

"ಅಣ್ಣಾ, ಹಂಗ್ಯಾಕ ಬರದಿ?"

"ಮತ್ತೇನ ಬರೀಲಿ? ಆ ಪ್ಯೂನ್ ಓದ್ತಾನ. ಒಳಗ ಹೋದಮ್ಯಾಲೆ ಡಾಕ್ಟರಿಗೆ ಹೇಳ್ತೀನಿ."

ಒಳಗೆ ಹೋದ ಮೇಲೆ ಅವನು ಗಂಟಿನ ಮಾತೆತ್ತಲಿಲ್ಲ. ಬಾಗಿಲಿಗೆ ಇದ್ದದ್ದು ಒಂದು ಪರದೆ. ಆಚೆ ಬೆಂಚಿನ ಮೇಲೆ ಅವನ ಸೆಕ್ಷನ್ನಿನವರೇ ಕೂತಿದ್ದರು. ಊಟ ಸೇರುತ್ತದೆಯೇ ಎಂದು ಡಾಕ್ಟರು ಅವನನ್ನು ಕೇಳಿದರು. ಸೇರುತ್ತದೆ ಎಂದ. ಹಿಂದಿ ಬಾರದ ವೈನಿ ನನ್ನ ಕಡೆ ನೋಡಿದಳು. ನನ್ನ ಮೇಜು ಪರದೆಯ ಒಳಗೇ ಇತ್ತು, ಡಾಕ್ಟರಿಂದ ಆರು ಹೆಜ್ಜೆ. ನಾನು ತಲೆ ತಗ್ಗಿಸಿ ಬರೆಯುತ್ತಿದ್ದೆ. ಅಣ್ಣ ಎದುರಿಗಿರುವಾಗ ತಂಗಿ ಬಾಯಿ ಹಾಕುವುದು ನಮ್ಮ ಮನೆಯಲ್ಲಿ ಇರಲಿಲ್ಲ.

ಟಾನಿಕ್ ಮುಗಿದಾಗಲೆಲ್ಲ ಮತ್ತೆ ಅದೇ ಚೀಟಿ, ಹೀಗೆಯೇ ಮಳೆಗಾಲ ಕಳೆದು ನವರಾತ್ರಿ ಬಂತು. ಗಂಟು ನಿಂಬೆಕಾಯಿಯಷ್ಟಾಯಿತು. ಅಣ್ಣ ಸೂರತ್ತಿಗೆ ಟೂರ್ ಹೋದ ವಾರ ನಾನೇ ಚೀಟಿ ತುಂಬಿದೆ. ಎದೆಯಲ್ಲಿ ಗಂಟು ಎಂದು ಸ್ಪಷ್ಟವಾಗಿ ಬರೆದೆ. ಸಾಹೇಬರು ನನ್ನನ್ನು ಕರೆದು ಕೂಡಿಸಿದರು. ತಂದೆಯ ವಯಸ್ಸಿನ ಗುಜರಾತಿ ಗೃಹಸ್ಥರು, ಎಲ್ಲ ಹೆಂಗಸರನ್ನೂ ತಂಗಿ ಎನ್ನುವವರು.

"ಬೇನ್, ಐಸಾ ಕಾಗಜ್ ಪರ್ ನಹೀ ಲಿಖತೇ," ಎಂದರು ಮೆಲ್ಲಗೆ. ಇಂಥದ್ದನ್ನು ಕಾಗದದ ಮೇಲೆ ಬರೆಯಬಾರದು, ನಿನ್ನ ಅಣ್ಣನ ಮರ್ಯಾದೆ ಅಂದರೆ ನನ್ನ ಮರ್ಯಾದೆ, ನಾಲ್ಕು ದಿನದಲ್ಲಿ ಅವನೇ ಬಂದು ಡಾಕ್ಟರಿಗೆ ಹೇಳಲಿ ಎಂದರು. ಹೊಸ ಚೀಟಿ ತೆಗೆದು ತಮ್ಮ ಕೈಯಾರೆ ವೀಕ್‌ನೆಸ್ ಎಂದು ಬರೆದು ಸಹಿ ಹಾಕಿದರು. ನಾನು ಥ್ಯಾಂಕ್ಸ್ ಹೇಳಿದೆ. ಹೌದು, ಥ್ಯಾಂಕ್ಸ್ ಹೇಳಿದೆ.

ಆ ಚೀಟಿಯ ಮೇಲೆ ವೈನಿ ಡಾಕ್ಟರ ಮುಂದೆ ಕೂತಾಗ ಅಣ್ಣ ಇರಲಿಲ್ಲ. ಎದ್ದು ಆರು ಹೆಜ್ಜೆ ಹೋಗಿ ಡಾಕ್ಟರ ಕಿವಿಗೆ ಎರಡು ಮಾತು ಹಾಕಿದ್ದರೆ ಸಾಕಾಗಿತ್ತು. ವೈನಿ ಮತ್ತೆ ನನ್ನ ಕಡೆ ನೋಡಿದಳು. ಮದುವೆಯಾಗದ ಹುಡುಗಿ ಗಂಡಸಿನ ಮುಂದೆ ಅಂಥ ಮಾತಾಡುವುದು ಹೇಗೆ, ಸಾಹೇಬರು ತಿದ್ದಿದ್ದನ್ನು ಮೀರುವುದು ಹೇಗೆ, ಕೆಲಸ ಹೋದರೆ ಏನು ಗತಿ ಎಂದು ಆಮೇಲೆ ನೂರೆಂಟು ಕಾರಣ ಹುಡುಕಿಕೊಂಡಿದ್ದೇನೆ. ಒಂದೂ ನಿಲ್ಲುವುದಿಲ್ಲ. ಅಣ್ಣ ವಾಪಸು ಬಂದ ಮೇಲೂ ಹೇಳಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಗಂಟಿನ ಮೇಲಿನ ಚರ್ಮ ಒಡೆಯಿತು. ಆಗ ಅಹಮದಾಬಾದಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿದ್ದ ಲೇಡಿ ಡಾಕ್ಟರು ಸೆರಗು ಸರಿಸಿ ನೋಡಿ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಗದರಿದರು. ಅವರು ನಮ್ಮಿಬ್ಬರನ್ನೂ ಬಿಟ್ಟು ವೈನಿಯನ್ನೇ ಕೇಳಿದರು. ಅಷ್ಟು ತಿಂಗಳಲ್ಲಿ ಅವಳನ್ನೇ ಕೇಳಿದ ಮೊದಲ ಡಾಕ್ಟರು.

"ಟಾನಿಕ್ ಒಂದ ದಿನಾನೂ ತಪ್ಪಿಸಿಲ್ಲ, ಎರಡೂ ಹೊತ್ತು ಕುಡದೀನಿ ಅಂತ ಹೇಳು," ಎಂದಳು ವೈನಿ ನನಗೆ.

ನಾನು ಹಿಂದಿಯಲ್ಲಿ ಹೇಳಿದೆ. ಡಾಕ್ಟರು ಸರಿಸಿದ ಸೆರಗನ್ನು ತಾವೇ ಮತ್ತೆ ಹೊದಿಸಿದರು.

ಯುಗಾದಿಗೆ ಎರಡು ವಾರವಿರುವಾಗ ಹೋದಳು. ತೀರಿಕೊಂಡವರ ಮೆಡಿಕಲ್ ಕಾರ್ಡನ್ನು ರದ್ದು ಮಾಡುವುದಕ್ಕೂ ಒಂದು ಫಾರಂ ಇತ್ತು, ಅದನ್ನು ತುಂಬುವುದೂ ನನ್ನ ಕೆಲಸವೇ. ಸಾವಿನ ಕಾರಣ ರಿಜಿಸ್ಟರಿಗೆ ಹೊಂದಬೇಕಾಗಿತ್ತು. ರಿಜಿಸ್ಟರಿನಲ್ಲಿ ವೈನಿಯ ಹೆಸರಿನ ಎದುರಿಗೆ ಹನ್ನೊಂದು ಸಲ ನನ್ನದೇ ಅಕ್ಷರದಲ್ಲಿ ಒಂದೇ ಪದ. ಅಣ್ಣ ಮೇಜಿನ ಮುಂದೆ ನಿಂತಿದ್ದ, ಬೋಳಿಸಿದ ಮೀಸೆ ಇನ್ನೂ ಪೂರಾ ಬಂದಿರಲಿಲ್ಲ. ಏನು ಬರೆಯಲಿ ಎಂದು ಕೇಳಿದೆ. ಈಗಲಾದರೂ ಕ್ಯಾನ್ಸರ್ ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ಪರದೆಯ ಕಡೆ ಒಮ್ಮೆ ನೋಡಿದ.

"ರಿಜಿಸ್ಟರಿನಾಗ ಇದ್ದದ್ದನ್ನ ಬರಿ," ಎಂದ.

ಬರೆದೆ. ಸಾಹೇಬರು ಅದನ್ನು ಓದಿ, ಕಣ್ಣೊರೆಸಿಕೊಂಡು ಸಹಿ ಹಾಕಿದರು.