ಅಂಗೈಯಗಲದ ಚರಿತ್ರೆ

ಮಿಷಿಗನ್ನಿನ ಒಂದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ನನ್ನ ಗಂಡ ಕೈಮುಗಿದು ನಿಂತಾಗ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಎದುರಿಗೆ, ಎರಡು ಗಾಜುಗಳ ನಡುವೆ, ಅಂಗೈಯಗಲದ ಪಪೈರಸ್ ತುಂಡು. ಜೊಂಡಿನಿಂದ ಮಾಡಿದ ಹಳೆಯ ಕಾಗದ. ಪ್ರಾಚೀನ ಗ್ರೀಕರ ಒಂದು ಚರಿತ್ರೆಯ ಪುಸ್ತಕದ್ದಂತೆ. ಅಂಚೆಲ್ಲ ಹುಳು ತಿಂದು ಒಂದು ಸಾಲಿನಲ್ಲಿ ಮೂರು ಪದ ಉಳಿದಿದ್ದರೆ ಇನ್ನೊಂದರಲ್ಲಿ ಅರ್ಧ.

"ಎಷ್ಟು ಜೋಪಾನವಾಗಿ ಇಟ್ಕೊಂಡಿದಾರೆ ನೋಡು! ಇವರನ್ನ ನೋಡಿ ನಾವು ಕಲೀಬೇಕು" ಎಂದರು.

ಕಲಿಯಬೇಕಂತೆ! ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಮೂರು ತಿಂಗಳ ಹಿಂದೆ ಪಕ್ಕದ ರಾಜ್ಯದ ಶಾಮ್‌ಬರ್ಗಿನಿಂದ ಇಲ್ಲಿಯ ಸೌತ್‌ಫೀಲ್ಡಿಗೆ ಮನೆ ಬದಲಾಯಿಸುವಾಗ ನನ್ನಪ್ಪನ ನೋಟ್‌ಬುಕ್ಕನ್ನು ಅಲ್ಲಿನ ಡೆಸ್ ಪ್ಲೇನ್ಸ್ ನದಿಗೆ ಬಿಟ್ಟು ಬಂದವರು ಇದೇ ಮಹಾನುಭಾವರು. ಅಪ್ಪ ಅದರಲ್ಲಿ ನಮ್ಮೂರ ಕೆರೆಯ ಚರಿತ್ರೆ ಬರೆದಿದ್ದರು. ಯಾರು ಕಟ್ಟಿಸಿದರು, ಎಷ್ಟು ಸಲ ಏರಿ ಒಡೆಯಿತು, ತೂಬು ಕಾಯುತ್ತಿದ್ದವರು ಯಾರು, ಎಲ್ಲ. ಬೇರೆ ಪ್ರತಿ ಇರಲಿಲ್ಲ. ಗೆದ್ದಲು ತಿಂದ ಹಾಳೆಗಳು ಮುಟ್ಟಿದರೆ ಉದುರುತ್ತಿದ್ದವು. ಒಡೆದ ದೇವರ ಪಟಗಳ ಜೊತೆ ಅದನ್ನೂ ವಿಸರ್ಜನೆ ಮಾಡಿದರು. ಕೇಳಿದರೆ, "ಅಕ್ಷರ ಅಂದ್ರೆ ಸರಸ್ವತಿ ಕಣೇ. ರೀಸೈಕಲ್ ಡಬ್ಬಕ್ಕೆ ಹಾಕೋಕೆ ಮನಸ್ಸು ಬರ್ಲಿಲ್ಲ" ಅಂದಿದ್ದರು.

ಇಷ್ಟು ಶತಮಾನ ಇದನ್ನು ಕಾಪಾಡಿದವರು ಯಾರೆಂದು ಮಗಳು ಲೈಬ್ರರಿಯವಳನ್ನು ಕೇಳಿದಳು. ಆಕೆ ನಕ್ಕಳು. ಯಾರೂ ಕಾಪಾಡಲಿಲ್ಲವಂತೆ. ಬೇಡವೆಂದು ಈಜಿಪ್ಟಿನ ಯಾವುದೋ ಊರಾಚೆಯ ತಿಪ್ಪೆಗೆ ಎಸೆದಿದ್ದರಂತೆ. ಒಣ ಮರಳು ಮುಚ್ಚಿಕೊಂಡು ಉಳಿಯಿತಂತೆ.

"ಕೇಳಿಸ್ತೇನ್ರೀ? ತಿಪ್ಪೆಗೆ ಎಸೆದಿದ್ದಕ್ಕೆ ಉಳೀತು. ನೀವು ಕೈಮುಗಿದು ನೀರಿಗೆ ಹಾಕಿದ್ರಿ!" ಎಂದು ಕೂಗಿಬಿಟ್ಟೆ. ಎಲ್ಲರೂ ತಿರುಗಿ ನೋಡಿದರು. ನೋಡಲಿ.

ಕಾರು ಹೆದ್ದಾರಿಯಲ್ಲಿ ಎರಡು ಎಕ್ಸಿಟ್ ದಾಟಿತು. ಆಮೇಲೆ ನನ್ನ ಗಂಡ, "ತಪ್ಪಾಯ್ತು ಕಣೇ. ನಿಂಗೆ ನೆನಪಿರೋದನ್ನಾದ್ರೂ ಹೇಳು, ಬರೆದಿಡೋಣ" ಎಂದರು. ಹಿಂದಿನ ಸೀಟಿನಲ್ಲಿ ಮಗಳು ಫೋನ್ ತೆಗೆದು, "ಯು ಟೆಲ್ ಮಿ ಅಮ್ಮಾ, ಐ ವಿಲ್ ಟೈಪ್" ಎಂದಳು.

"ನಮ್ಮೂರಿಗಿಂತ ನಮ್ಮೂರ ಕೆರೆಗೆ ವಯಸ್ಸು ಹೆಚ್ಚು" ಎಂದೆ. ಅದು ನೋಟ್‌ಬುಕ್ಕಿನ ಮೊದಲ ಸಾಲು. ಬರೆಯುವ ಕಾಲದಲ್ಲಿ ಅಪ್ಪ ಫೋನಿನಲ್ಲಿ ಅದನ್ನು ಓದಿ ಹೇಳಲು ಶುರುಮಾಡುತ್ತಿದ್ದರು. ಮೀಟಿಂಗ್ ಇದೆಯಪ್ಪಾ ಎಂದು ನಾನು ಇಟ್ಟುಬಿಡುತ್ತಿದ್ದೆ.

"ದೆನ್?" ಎಂದಳು ಮಗಳು.

ಅಪ್ಪ ಹೋದ ಮೇಲೆ ಆ ನೋಟ್‌ಬುಕ್ಕು ಆರು ವರ್ಷ ನನ್ನ ಕಪಾಟಿನಲ್ಲೇ ಇತ್ತು. ಎರಡನೆಯ ಸಾಲು ನನಗೆ ಗೊತ್ತಿರಲಿಲ್ಲ.