ಎರಡು ಶಿಫ್ಟಿನ ಕಲ್ಲಪ್ಪ

ಮುನಿರಾಜುವಿನ ಹೆಸರು ಕೇಳಿದರೆ ನನಗೆ ಮೊದಲು ಬರುವುದು ಸಿಟ್ಟು. ಆ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ ಎಂದು ಆಮೇಲೆ ನೆನಪಾಗುತ್ತದೆ. ಆದರೂ ಹೇಳುತ್ತೇನೆ, ಕೇಳಿ.

ಕಮ್ಮನಹಳ್ಳಿ ಮೇನ್ ರೋಡಿನಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿ, ನಾನು ಆರು ಕಂಪ್ಯೂಟರಿನ ಸೈಬರ್ ಕೆಫೆ ಇಟ್ಟುಕೊಂಡಿದ್ದೆ. ಬರುವವರೆಲ್ಲ ರಿಸಲ್ಟ್ ನೋಡುವವರು, ದುಬೈನ ಗಂಡನಿಗೆ ಮೇಲ್ ಕಳಿಸುವವರು. ಅಂಥ ಕಡೆ ಮದುವೆಯಾದ, ಉಗುರಲ್ಲಿ ಗ್ರೀಸಿನ ಕಪ್ಪು ಕೂತ ಗಂಡಸೊಬ್ಬ ಬಂದು, ಕತ್ತಿ ಹಿಡಿದು ರಾಕ್ಷಸರನ್ನು ಕಡಿಯುವ ಆಟ ಆಡುತ್ತಾನೆಂದರೆ ನಗದೆ ಇನ್ನೇನು ಮಾಡಲಿ? ಮುನಿರಾಜು ನಗಿಸಿಕೊಂಡೇ ಆಡುತ್ತಿದ್ದ. ಕೆ.ಆರ್. ಪುರದವನು. ಅವನ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಲಾರಿಗಳು ನಿಲ್ಲುತ್ತವೆ. ಇವನು ಹಳೇ ಮದ್ರಾಸ್ ರಸ್ತೆಯ ಒಂದು ಸಣ್ಣ ಫ್ಯಾಕ್ಟರಿಯಲ್ಲಿ, ಕಬ್ಬಿಣ ತಿರುಗಿಸಿ ಕಡೆಯುವ ಲೇಥ್ ಮಷೀನಿನ ಆಪರೇಟರ್.

ಅದೇ ಲೇಥಿನ ಮೇಲೆ ಇನ್ನೊಂದು ಶಿಫ್ಟಿನಲ್ಲಿ ಕೆಲಸ ಮಾಡುತ್ತಿದ್ದವನು ಗಯಾಜ್. ಇವನು ಬೆಳಗಿನ ಆರರಿಂದ ಎರಡು, ಅವನು ಎರಡರಿಂದ ಹತ್ತು. ಇಬ್ಬರೂ ಮುಖಾಮುಖಿಯಾಗುತ್ತಿದ್ದುದು ಶಿಫ್ಟ್ ಬದಲಾಗುವಾಗಿನ ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಮಷೀನು ಹೇಗಿದೆ ಎಂದು ಬಾಯಲ್ಲಿ ಹೇಳಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು, ಸಹಿ ಹಾಕಬೇಕು. ಬಂದವನು ಓದಿದ ಮೇಲೆ ಹೋಗುವವನು ಹೋಗಬೇಕು.

ಆಟವನ್ನೂ ಇಬ್ಬರು ಹಾಗೇ ಆಡಿದರು. ಅದು ಊರೂರಿನ ಜನ ಇಂಟರ್‌ನೆಟ್ಟಿನಲ್ಲಿ ಸೇರಿ ಆಡುವ ಆಟ. ಒಬ್ಬೊಬ್ಬರಿಗೂ ಒಂದು ಪಾತ್ರ, ಅದನ್ನು ತಿಂಗಳುಗಟ್ಟಲೆ ಬೆಳೆಸಬೇಕು. ದುಡಿಯುವವರಿಗೆ ಅಷ್ಟು ಹೊತ್ತು ಎಲ್ಲಿಂದ ಬರಬೇಕು? ಅದಕ್ಕೇ ಇಬ್ಬರಿಗೂ ಸೇರಿ ಒಬ್ಬನೇ, ಕಲ್ಲಪ್ಪ ಅಂತ. ಬೆಳಿಗ್ಗೆ ಗಯಾಜ್ ಆಡಿ ಫ್ಯಾಕ್ಟರಿಗೆ ಹೋಗುವನು, ಮಧ್ಯಾಹ್ನ ಮುನಿರಾಜು ಫ್ಯಾಕ್ಟರಿಯಿಂದ ಬಂದು ಕೂರುವನು. ನನ್ನ ಮೇಜಿನ ಮೇಲೆ ಒಂದು ನೋಟ್‌ಬುಕ್ಕು. ಕಲ್ಲಪ್ಪನ ಹತ್ತಿರ ಔಷಧಿ ಎಷ್ಟು ಉಳಿದಿದೆ, ಯಾವ ಕತ್ತಿ ಮಾರಬಾರದು, ಜೊತೆಗೆ ಆಡುವ ಮನಿಲಾದವನ ಹತ್ತಿರ ಏನು ಮಾತಾಗಿದೆ, ಎಲ್ಲ ಅದರಲ್ಲಿ. ಆಟದೊಳಗಿನ ಜನ ಕಲ್ಲಪ್ಪನಿಗೆ ನಿದ್ದೆಯೇ ಇಲ್ಲವಾ ಎಂದು ಕೇಳುತ್ತಿದ್ದರಂತೆ. ಅದನ್ನು ಹೇಳಿಕೊಂಡು ಮುನಿರಾಜು ಹಿಗ್ಗುತ್ತಿದ್ದ.

ಎರಡು ಸಾವಿರದ ಐದು, ಆಗಸ್ಟ್ ತಿಂಗಳ ಒಂದು ಶನಿವಾರ. ಮಧ್ಯಾಹ್ನ ಎರಡೂವರೆಗೆ ಆಟದಲ್ಲಿ ಕೋಟೆಯ ಯುದ್ಧ. ಮುನಿರಾಜು ಗಯಾಜ್ ಬರುವುದನ್ನು ಕಾಯದೆ, ಕೈ ತೊಳೆಯದೆ ಓಡಿಬಂದು ಕೂತ. ಮೂರು ಗಂಟೆಗೆ ನನ್ನ ಲ್ಯಾಂಡ್‌ಲೈನಿಗೆ ಫ್ಯಾಕ್ಟರಿಯವರೊಬ್ಬರ ಫೋನು ಬಂತು. ತಿರುಗುವ ಕಬ್ಬಿಣದ ತುಂಡು, ಅದನ್ನು ಕಚ್ಚಿ ಹಿಡಿಯುವ ಚಕ್ಕಿನಿಂದ ಕಿತ್ತು ಹಾರಿ ಗಯಾಜನ ಬಲಗೈಗೆ ಬಡಿದಿತ್ತು. ಎರಡು ಬೆರಳು ಹೋಗಿದ್ದವು.

ವಿಷಯ ಕೇಳಿ ಮುನಿರಾಜು ಎದ್ದು ನಿಂತ. "ಅಕ್ಕ, ಚಕ್ ಬೆಳಿಗ್ಗೆಯಿಂದ ಎರಡ್ ಸಲ ಜಾರಿತ್ತು. ನಂಗೊತ್ತಿತ್ತು. ರಿಜಿಸ್ಟರ್‌ನಲ್ಲಿ ಓಕೆ ಅಂತ ಬರ್ದು ಬಂದ್ಬಿಟ್ಟೆ," ಅಂದ.

ಹೋಗಿ ಹೇಳು ಎಂದೆ. ಹೇಳುತ್ತೇನೆ ಎಂದ. ವಿಚಾರಣೆ ಆಗಲಿ ಎಂದ. ವಿಚಾರಣೆಯಾಯಿತು, ಮಷೀನು ಸರಿಯಾಗಿತ್ತು, ಆಪರೇಟರನದೇ ಅಜಾಗರೂಕತೆ ಎಂದು ಬರೆದರು, ಗಯಾಜನನ್ನು ಮನೆಗೆ ಕಳಿಸಿದರು. ಆಮೇಲೆ ಅವನು ಮೂರು ಫ್ಯಾಕ್ಟರಿಗಳಲ್ಲಿ ಕೆಲಸ ಕೇಳಿದ. ಬೆರಳಿಲ್ಲದ ಕೈಗಾಗಿ ಅಲ್ಲ, ಅಜಾಗರೂಕತೆ ಎಂಬ ಆ ಒಂದು ಮಾತಿಗಾಗಿ ಅವನನ್ನು ಬೇಡ ಅಂದರು. ಭಾವಮೈದುನನ ಹಿಟ್ಟಿನ ಗಿರಣಿಯಲ್ಲಿ ನಿಂತ. ಮುನಿರಾಜು ಆಟ ಬಿಟ್ಟ, ನನ್ನ ಕೆಫೆಯ ಮೆಟ್ಟಿಲು ಬಿಟ್ಟ. ಗಯಾಜ್ ಮನೆ ಇರುವ ಬೀದಿಯನ್ನೂ ಬಿಟ್ಟು ಸುತ್ತಿಕೊಂಡು ಓಡಾಡುತ್ತಾನೆ ಎಂದು ಕೇಳಿದೆ. ಇಷ್ಟು ಮಾತಾಡುವ ನಾನೇನು ಮಾಡಿದೆ? ಕೆಫೆಗೆ ಕೆಟ್ಟ ಹೆಸರು ಬಂದೀತೆಂದು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಅದಕ್ಕೆ ನನ್ನನ್ನೂ ಬೈಯಬೇಕು.

ಮೂರು ವರ್ಷ ಹೀಗೆ ಕಳೆದವು. ಒಂದು ದಿನ ಆಟದ ಕಂಪನಿಯಿಂದ ಮೇಲ್ ಬಂತು. ಮೂರು ವರ್ಷದಿಂದ ಯಾರೂ ತೆರೆಯದ ಪಾತ್ರಗಳನ್ನು ತಿಂಗಳ ಕೊನೆಗೆ ಅಳಿಸುತ್ತಾರಂತೆ. ಕಲ್ಲಪ್ಪನಿಗೆಂದು ಯಾಹೂ ಐಡಿ ನಾನೇ ಮಾಡಿಕೊಟ್ಟದ್ದು, ಪಾಸ್‌ವರ್ಡು ನಮ್ಮ ಮೂವರಿಗೂ ಗೊತ್ತು. ತರಕಾರಿ ಅಂಗಡಿಯ ಮುಂದೆ ಮುನಿರಾಜು ಸಿಕ್ಕಾಗ ಹೇಳಿದೆ. ಅಳಿಸಿಹೋಗಲಿ ಬಿಡಿ ಅಂದವನು ಭಾನುವಾರ ಮಧ್ಯಾಹ್ನ ತಾನೇ ಬಂದು ಬಾಗಿಲಲ್ಲಿ ನಿಂತ.

"ಒಂದ್ಸಲ ನೋಡ್ಬಿಟ್ಟು ಹೋಗ್ತೀನಿ ಅಕ್ಕ."

ಪಾಸ್‌ವರ್ಡು ಹಾಕುವಾಗ ಅವನ ಬೆರಳು ಎರಡು ಸಲ ತಪ್ಪಿತು. ಮೂರನೆಯ ಸಲ ಆಟ ತೆರೆಯಿತು. ಕಲ್ಲಪ್ಪ ಅಂದು ಬಿಟ್ಟುಹೋದ ಕೋಟೆ ಬಾಗಿಲಲ್ಲೇ ನಿಂತಿದ್ದ. ಗೆಳೆಯರ ಪಟ್ಟಿಯಲ್ಲಿ ಒಂದು ಹೆಸರಿಗೂ, ಆಟದೊಳಗಿದ್ದಾರೆಂದು ತೋರಿಸುವ ದೀಪ ಇರಲಿಲ್ಲ. ಮಾರದೆ ಜತನ ಮಾಡಿದ್ದಂಥ ಕತ್ತಿ ಈಗ ನಿನ್ನೆ ಮೊನ್ನೆ ಸೇರಿದವರ ಕೈಯಲ್ಲೂ ಇತ್ತು. ಗೊತ್ತಿಲ್ಲದ ಯಾರೋ ಪಕ್ಕದಲ್ಲೇ ಓಡಿಹೋದರು. ಮುನಿರಾಜು ಕಲ್ಲಪ್ಪನನ್ನು ನಾಲ್ಕು ಹೆಜ್ಜೆ ನಡೆಸಿದ. ಅವನ ಕಣ್ಣು ತುಂಬಿದ್ದು ನನಗೆ ಕಂಡಿತು, ಅಯ್ಯೋ ಪಾಪ ಅನ್ನಿಸಲೇ ಇಲ್ಲ.

ಐದನೆಯ ಹೆಜ್ಜೆಗೆ ಪರದೆ ಕಪ್ಪಾಯಿತು. ಇದೇ ಐಡಿಯಿಂದ ಇನ್ನೊಬ್ಬರು ಒಳಗೆ ಬಂದಿದ್ದಾರೆ ಎಂದು ಬರೆದಿತ್ತು. ಒಂದು ಪಾತ್ರದಲ್ಲಿ ಇಬ್ಬರು ಒಟ್ಟಿಗೆ ಇರುವಂತಿಲ್ಲ. ಒಬ್ಬ ಬಂದರೆ ಮೊದಲಿದ್ದವನು ಹೊರಗೆ. ಏನೋ ತಪ್ಪಾಗಿದೆ ಎಂದುಕೊಂಡು ಮುನಿರಾಜು ಮತ್ತೆ ಹೊಕ್ಕ. ಒಂದೇ ನಿಮಿಷಕ್ಕೆ ಮತ್ತೆ ಹೊರಗೆ ಬಿದ್ದ. ಆಗ ತಿಳಿಯಿತು ನಮ್ಮಿಬ್ಬರಿಗೂ. ಆ ಪಾಸ್‌ವರ್ಡು ಗೊತ್ತಿರುವವರು ಇನ್ಯಾರಿದ್ದಾರೆ? ಮುನಿರಾಜು ಮೌಸಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

ಫೋನು ಬಡಿದುಕೊಂಡಿತು. ಗಯಾಜ್ ಕೆ.ಆರ್. ಪುರದ ಯಾವುದೋ ಕೆಫೆಯಿಂದ ಮಾಡಿದ್ದ. ಆ ಐಡಿಯಲ್ಲಿ ನಿಮ್ಮಲ್ಲಿ ಯಾರು ಕೂತಿದ್ದಾರೆ ಎಂದು ಕೇಳಿದ. ಹೇಳಿದೆ. "ಅವ್ನನ್ನ ಎಬ್ಬಿಸ್ಬೇಡಿ ಅಕ್ಕ. ಬರ್ತಿದೀನಿ," ಅಂದ.

ಗಯಾಜ್ ಬರುತ್ತಾನೆಂದು ಕೇಳಿದ್ದೇ ಮುನಿರಾಜು ಚಪ್ಪಲಿ ಹುಡುಕತೊಡಗಿದ. ಹೆಂಡತಿ ಕಾಯುತ್ತಿದ್ದಾಳಂತೆ, ಇನ್ನೊಂದು ದಿನ ಬರುತ್ತಾನಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಹೋಗಿ ಬಾಗಿಲಿಗೆ ಅಡ್ಡ ನಿಂತೆ.

"ಕೂತ್ಕೊ. ನೀನ್ ಹೇಳ್ತೀಯೋ, ನಾನೇ ಹೇಳ್ಲೋ?"

ಕೂತ. ಕೆಲಸ ಹೋಗುತ್ತದೆ ಎಂದು ಗೊಣಗಿದ, ಇಬ್ಬರು ಮಕ್ಕಳು ಎಂದ. ಗಯಾಜನಿಗೆ ಮೂವರು ಎಂದೆ. ಗಯಾಜನ ಬಸ್ಸು ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿರಬೇಕು, ಮುಕ್ಕಾಲು ಗಂಟೆ ಆಯಿತು. ಅಷ್ಟು ಹೊತ್ತೂ ಕೆಳಗಿನ ಬೇಕರಿಯವನ ಮೆಟ್ಟಿಲ ಸದ್ದಾದಾಗಲೆಲ್ಲ ಮುನಿರಾಜು ಬೆಚ್ಚುತ್ತಿದ್ದ. ಅವನು ಬಾಯಿ ಬಿಡದಿದ್ದರೆ ನಿಜವಾಗಿ ನಾನು ಹೇಳುತ್ತಿದ್ದೆನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಗಯಾಜ್ ಬಂದ. ಸೊರಗಿಹೋಗಿದ್ದ, ತೋಳಿನ ಮೇಲೆ ರಾಗಿ ಹಿಟ್ಟು ಕೂತಿತ್ತು. ಪಕ್ಕದ ಕುರ್ಚಿ ಎಳೆದುಕೊಂಡು ಕೂತು ಕಲ್ಲಪ್ಪನ ವಿಷಯ ತೆಗೆದ. ನೀನೂ ಅದೇ ಮೇಲ್ ನೋಡಿ ಬಂದೆಯಾ ಎಂದು ಕೇಳಿದ, ಇಬ್ಬರೂ ಒಬ್ಬರನ್ನೊಬ್ಬರು ಹೊರಗೆ ಹಾಕುತ್ತಾ ಕೂತಿದ್ದೆವಲ್ಲ ಎಂದು ನಗುವುದಕ್ಕೂ ನೋಡಿದ. ಆ ನಗು ಮುನಿರಾಜುವಿಗೆ ತಡೆಯಲಾಗಲಿಲ್ಲವೆಂದು ಕಾಣುತ್ತದೆ. ತಲೆ ಎತ್ತದೆ ಎಲ್ಲವನ್ನೂ ಹೇಳಿದ. ಚಕ್ ಜಾರಿದ್ದು, ಗೊತ್ತಿದ್ದೂ ಓಕೆ ಬರೆದದ್ದು, ಕಾಯದೆ ಓಡಿಬಂದದ್ದು, ವಿಚಾರಣೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದದ್ದು.

ಗಯಾಜ್ ತನ್ನ ಬಲಗೈ ನೋಡಿಕೊಂಡ.

"ಚಕ್ ಟೈಟ್ ಮಾಡ್ವಾಗ್ಲೇ ಕೈಗೆ ಗೊತ್ತಾಯ್ತು, ಏನೋ ಸರಿ ಇಲ್ಲ ಅಂತ. ರಿಜಿಸ್ಟರ್ ತೆಗ್ದು ನೋಡ್ದೆ. ಓಕೆ ಅಂತ ನೀನು ಬರ್ದಿದ್ದೆ. ನನ್ ಕೈ ಸುಳ್ಳು, ನಿನ್ ಅಕ್ಷರ ನಿಜ ಅಂದ್ಕೊಂಡೆ," ಅಂದ. ಆಮೇಲೆ, "ನನ್ ಮಕ್ಳಿಗೆ ಹೇಳಿದೀನಿ ಮುನಿರಾಜು, ಅಪ್ಪಂದೇ ತಪ್ಪು, ನೀವು ಹುಷಾರಾಗಿರಿ ಅಂತ."

ಮುನಿರಾಜು ಅವನ ಕಾಲು ಹಿಡಿಯಲು ಬಗ್ಗಿದ. ಗಯಾಜ್ ಕಾಲು ಹಿಂದಕ್ಕೆ ಎಳೆದುಕೊಂಡ. ಅದೆಲ್ಲ ಬೇಡ, ಬರೆದುಕೊಡು ಎಂದ, ಫ್ಯಾಕ್ಟರಿಗೊಂದು, ಲೇಬರ್ ಆಫೀಸಿಗೊಂದು. ನಾನು ಟೈಪ್ ಮಾಡಿ ಪ್ರಿಂಟ್ ಕೊಡುತ್ತೇನೆ ಎಂದು ಕಂಪ್ಯೂಟರಿನ ಮುಂದೆ ಕೂರಲು ಹೋದೆ.

"ಬೇಡ ಅಕ್ಕ. ಕೈಯಲ್ಲೇ ಬರೀಲಿ."

ನಾನು ಎರಡು ಹಾಳೆ ಕೊಟ್ಟೆ. ಮುನಿರಾಜು ಬರೆದ. ತಾರೀಕು, ಶಿಫ್ಟು, ಚಕ್ ಜಾರಿದ ಎರಡು ಹೊತ್ತು, ಓಕೆ ಎಂದು ಬರೆದದ್ದು ಸುಳ್ಳು ಎಂಬುದು, ಒಂದನ್ನೂ ಬಿಡಲಿಲ್ಲ. ಅದರಿಂದ ಅವನ ಕೆಲಸ ಹೋಗುವುದು ಮೂವರಿಗೂ ಗೊತ್ತಿತ್ತು; ಹದಿನೈದೇ ದಿನಕ್ಕೆ ಹೋಯಿತು. ಗಯಾಜನ ವರದಿಯಿಂದ ಅಜಾಗರೂಕತೆಯ ಆ ಮಾತು ತೆಗೆಸಲು ಇನ್ನೂ ಏಳು ತಿಂಗಳು ಹಿಡಿಯಿತು.

ಸಹಿ ಹಾಕಿ ಹಾಳೆಗಳನ್ನು ಗಯಾಜನ ಮುಂದಿಟ್ಟು ಮುನಿರಾಜು ಬಾಗಿಲ ಕಡೆ ತಿರುಗಿದ. ಮುಖ ತೋರಿಸಲಾಗದೆ ಹೊರಟಿದ್ದ ಅಷ್ಟೇ.

"ಎಲ್ಲಿಗೆ?" ಅಂದ ಗಯಾಜ್. "ನಾನಿನ್ನೂ ಓದಿಲ್ಲ."

ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊದಲಿನಿಂದ ಓದತೊಡಗಿದ, ಒಂದೊಂದೇ ಸಾಲು. ಮುನಿರಾಜು ಚಪ್ಪಲಿ ಬಿಟ್ಟು ವಾಪಸು ಬಂದು, ಅವನು ಓದಿ ಮುಗಿಸುವವರೆಗೂ ಪಕ್ಕದಲ್ಲಿ ನಿಂತಿದ್ದ.