ಸರ್ವರಬೇಗಂ ಅವರ ಬಾಣಂತಿ ವಾರ್ಡಿನ ಪಾಠ

“ಗೊಂಬಿ ಅಳ್ತದೇನ್ರಿ ಖಂಡಪ್ಪಾರೇ? ಮಲಿ ಬಿಟ್ಟು ಮಾರಿ ತಿರುಗಿಸ್ತದೇನ್ರಿ? ಅದನ್ನ ಹಿಡ್ಕೊಂಡು ಹುಡುಗ್ಯಾರು ಏನ್ ಕಲೀತಾರ?”

“ಮೇಡಂ, ಇವತ್ತ ನಿಮ್ಮ ಸನ್ಮಾನ ಅದ. ಜಗಳ ನಾಳಿಗಿ ಇಟ್ಕೋರ್ರಿ.”

“ನಾಳಿ ನನ್ನ ಮಾತು ಯಾರ್ ಕೇಳ್ತಾರ್ರಿ? ಈಗ ಹೇಳ್ರಿ.”

ಶಹಾಪುರದ ಖಾಸಗಿ ನರ್ಸಿಂಗ್ ಶಾಲೆಯೊಂದರಲ್ಲಿ, ನಿವೃತ್ತರಾಗುತ್ತಿದ್ದ ಸರ್ವರಬೇಗಂ ಅವರ ಬೀಳ್ಕೊಡುಗೆ ಸಭೆಯ ಮಾತಿದು. ಹುಡುಗಿಯರು ಇನ್ನು ಪಕ್ಕದ ಆಸ್ಪತ್ರೆಯ ಬಾಣಂತಿ ವಾರ್ಡಿಗೆ ಹೋಗಬೇಕಿಲ್ಲ, ಹಾಲೂಡಿಸುವ ಪಾಠಕ್ಕೆ ತರಗತಿಯ ಗೊಂಬೆಯೇ ಸಾಕು ಎಂದು ಪ್ರಾಚಾರ್ಯ ಖಂಡಪ್ಪನವರು ಆಗಷ್ಟೇ ಸಾರಿದ್ದರು.

ಸುರಪುರ, ಶಹಾಪುರ ಸೀಮೆಯಲ್ಲಿ ಶುಶ್ರೂಷೆ ಕಲಿತವರಲ್ಲಿ ಸರ್ವರಬೇಗಂ ಅವರಿಂದ ಬೈಸಿಕೊಳ್ಳದವರು ವಿರಳ. ಸೀಮೆಗೆ ನೀರಾವರಿ ಕಾಲುವೆ ತೋಡುತ್ತಿದ್ದ ಕಾಲದಲ್ಲಿ ಭೀಮರಾಯನಗುಡಿ ಕ್ಯಾಂಪಿನ ದವಾಖಾನೆಗೆ ನರ್ಸಾಗಿ ಬಂದ ಅವರು, ಮಣ್ಣು ಹೊರುವ ಬಾಣಂತಿಯರು ಎದೆಯಲ್ಲಿ ಹಾಲು ಕಟ್ಟಿ ನರಳುವುದನ್ನೂ, ಅವರ ಕೂಸುಗಳು ಗಿಡದ ನೆರಳಲ್ಲಿ ಹಸಿದು ಚೀರುವುದನ್ನೂ ಕಂಡರು. ಮೇಸ್ತ್ರಿಗಳೊಡನೆ ಕಾದಾಡಿ ಆ ತಾಯಂದಿರಿಗೆ ಬಿಡುವು ಕೊಡಿಸಿದರು. ಕಾಲುವೆಗೆ ನೀರು ಬಂದ ಮೇಲೆ ಈ ಶಾಲೆಯ ಶಿಕ್ಷಕಿಯಾದರು.

ಒಮ್ಮೆ, ಪರೀಕ್ಷೆಯಲ್ಲಿ ಮೊದಲು ಬಂದಿದ್ದ ವಿದ್ಯಾರ್ಥಿನಿ ಅಯ್ಯಮ್ಮ, ಗೋಗಿ ಊರಿನ ಚೊಚ್ಚಲ ಬಾಣಂತಿ ಲಾಲಮ್ಮನ ಕೂಸು ಮೊಲೆ ಹಿಡಿಯದ್ದಕ್ಕೆ ಗಾಬರಿಬಿದ್ದು, “ನಿನಗ ಹಾಲಿಲ್ಲವ್ವಾ, ಪುಡಿ ಡಬ್ಬಿ ತರಿಸು” ಎಂದುಬಿಟ್ಟಳು. ಲಾಲಮ್ಮ ಗೋಡೆಗೆ ಮುಖ ಮಾಡಿ ಅತ್ತಳು. ಸರ್ವರಬೇಗಂ ಹುಡುಗಿಯನ್ನು ಬೈಯಲಿಲ್ಲ. ಬಾಣಂತಿಯ ಬೆನ್ನಿಗೆ ಅವಳನ್ನೇ ಆಸರೆಯಾಗಿ ಕೂರಿಸಿ, ಕೂಸಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವಂತೆ ಹಿಡಿಸಿ, ಅದು ತಾನಾಗಿ ಬಾಯಿ ಅಗಲಿಸುವವರೆಗೆ ಕಾಯಲು ಕಲಿಸಿದರು. ಕೂಸು ಚೀಪತೊಡಗಿದಾಗ, “ನಿನಗ ಅಂಕಾ ಕೊಟ್ಟವ್ರಿಗಿ ನಾಚ್ಕಿ ಬರಬೇಕವ್ವಾ. ಅದ್ರಾಗ ನಾನೂ ಅದೀನಿ” ಎಂದರು. ಅಂದಿನಿಂದ ಹಾಲೂಡಿಸುವ ಪಾಠ ತರಗತಿ ಬಿಟ್ಟು ವಾರ್ಡಿಗೆ ನಡೆಯಿತು.

ಅದನ್ನೀಗ ಕಿತ್ತುಹಾಕುವುದಂತೆ! ನಿರ್ಜೀವ ಗೊಂಬೆಯನ್ನು ನೆಚ್ಚಿ ಕಲಿತ ಹುಡುಗಿ ಅಳುವ ಕೂಸಿನೆದುರು ಏನು ಮಾಡಬೇಕು? ಗಾಬರಿಯಾಗಿ ಡಬ್ಬಿ ತರಿಸುತ್ತಾಳೆ. ‘ಹಾಲಿಲ್ಲದಾಕಿ’ ಎಂಬ ಮೂದಲಿಕೆ ಬಾಣಂತಿಯ ಪಾಲಿಗೆ. ಇದನ್ನು ಸುಧಾರಣೆ ಎನ್ನಲು ನಾಲಗೆಯಾದರೂ ಹೇಗೆ ಏಳುತ್ತದೆ?

ಸರ್ವರಬೇಗಂ ಅವರು ನೂರ್ಕಾಲ ಬಾಳಲಿ, ಅವರ ಸಿಟ್ಟು ಆರದಿರಲಿ. ನಿವೃತ್ತಿಯ ಹೆಸರಿನಲ್ಲಿ ಯಾರೂ ಅವರನ್ನು ಮನೆಯಲ್ಲಿ ಕೂರಿಸದಿರಲಿ.

ಆ ದಿನ ಸಭೆಯಲ್ಲಿ ಖಂಡಪ್ಪನವರು ಸನ್ಮಾನದ ಶಾಲಿನ ಮಡಿಕೆ ಬಿಡಿಸಿದರು.

“ಶಾಲು ಬ್ಯಾಡ್ರಿ,” ಎಂದರು ಸರ್ವರಬೇಗಂ. “ವಾರ್ಡಿನಾಗ ನಿನ್ನಿ ಹಡೆದಾಕಿ ಅಳಾಕತ್ಯಾಳ. ಕಲಿಯೋರು ನನ್ನ ಹಿಂದ ಬರ್ರಿ ಹುಡುಗ್ಯಾರಾ.”

ಅವರು ವೇದಿಕೆ ಇಳಿದು ನಡೆದರು. ಹುಡುಗಿಯರು ಒಬ್ಬೊಬ್ಬರಾಗಿ ಎದ್ದು ಹಿಂಬಾಲಿಸಿದರು. ಭಾಷಣಗಳು ಮುಗಿದು ಶಾಮಿಯಾನ ಬಿಚ್ಚಿದರೂ ಅವರು ತಿರುಗಿ ಬರಲಿಲ್ಲ.